ಒಗಾತಾ ಕೋಆನ್: ಜಪಾನಿಗೆ ಪಾಶ್ಚಾತ್ಯ ವೈದ್ಯವನ್ನು ಕಲಿಸಿದ ಗುರು

ಒಗಾತಾ ಕೋಆನ್ (1810–1863) ಹತ್ತೊಂಬತ್ತನೆಯ ಶತಮಾನದ ಜಪಾನಿನ ವೈದ್ಯ, ವಿದ್ವಾಂಸ, ಅನುವಾದಕ ಮತ್ತು ಶಿಕ್ಷಕ. ಒಸಾಕಾ ನಗರದಲ್ಲಿ ಅವರು 1838ರಲ್ಲಿ ಆರಂಭಿಸಿದ ‘ತೆಕಿಜುಕು’ ಎಂಬ ಖಾಸಗಿ ಪಾಠಶಾಲೆಯು ಡಚ್ ಭಾಷೆಯ ಮೂಲಕ ಪಾಶ್ಚಾತ್ಯ ವೈದ್ಯಶಾಸ್ತ್ರವನ್ನು ಕಲಿಸಿದ ಪ್ರಮುಖ ಕೇಂದ್ರವಾಗಿತ್ತು. ಸಿಡುಬಿನ ವಿರುದ್ಧ ಲಸಿಕೆ ಹಾಕುವ ಪದ್ಧತಿಯನ್ನು ಪಶ್ಚಿಮ ಜಪಾನಿನಲ್ಲಿ ನೆಲೆಗೊಳಿಸಿದವರಲ್ಲಿಯೂ ಅವರು ಅಗ್ರಗಣ್ಯರು. ಜಪಾನೀಯರ ರೂಢಿಯಂತೆ ಇಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಒಗಾತಾ ಎಂಬುದು ಮನೆತನ, ಕೋಆನ್ ಎಂಬುದು ಅವರು ವೈದ್ಯರಾದ ಮೇಲೆ ತಳೆದ ಹೆಸರು.

ಕೋಆನ್ ಹೊಸ ರೋಗವನ್ನು ಗುರುತಿಸಿದವರಲ್ಲ. ಹೊಸ ಔಷಧವನ್ನು ಕಂಡುಹಿಡಿದವರೂ ಅಲ್ಲ. ಬೇರೊಂದು ನಾಡಿನಲ್ಲಿ ಹುಟ್ಟಿದ ವಿದ್ಯೆಯನ್ನು ತಂದು, ಅದು ನಡುವೆ ಕಡಿದುಹೋಗದಂತೆ ಕಾಪಾಡಿ, ಮುಂದಿನವರ ಕೈಗೆ ದಾಟಿಸಿದ್ದೇ ಅವರ ಜೀವಮಾನದ ಸಾಧನೆ. ಲಸಿಕೆಯ ವಿಷಯದಲ್ಲಾಗಲಿ, ಗ್ರಂಥಗಳ ವಿಷಯದಲ್ಲಾಗಲಿ, ಶಿಷ್ಯರ ವಿಷಯದಲ್ಲಾಗಲಿ ಈ ಮಾತು ಸಮನಾಗಿ ಸಲ್ಲುತ್ತದೆ.

ಕಾಲದ ಹಿನ್ನೆಲೆ

ಹದಿನೇಳನೆಯ ಶತಮಾನದ ಪೂರ್ವಾರ್ಧದಿಂದ ಜಪಾನಿನ ಶೋಗನ್ ಸರ್ಕಾರವು ಹೊರಜಗತ್ತಿನೊಡನೆ ಸಂಪರ್ಕವನ್ನು ಬಿಗಿಯಾಗಿ ನಿಯಂತ್ರಿಸಿತ್ತು. ಯುರೋಪಿಯನ್ನರ ಪೈಕಿ ಡಚ್ಚರಿಗೆ ಮಾತ್ರ ವ್ಯಾಪಾರದ ಅನುಮತಿಯಿತ್ತು. ಅವರೂ ನಾಗಸಾಕಿ ಬಂದರಿನ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿಯೇ ಇರಬೇಕಾಗಿತ್ತು. ಈ ಕಿರುಗಂಡಿಯ ಮೂಲಕ ಒಳಬಂದ ಡಚ್ ಪುಸ್ತಕಗಳನ್ನು ಓದಿ ಪಶ್ಚಿಮದ ಶಾಸ್ತ್ರಗಳನ್ನು ಅರಿಯುವ ವಿದ್ವತ್ ಪರಂಪರೆಯೊಂದು ಕ್ರಮೇಣ ರೂಪುಗೊಂಡಿತು. ಸುಗಿತಾ ಗೆಂಪಾಕು, ಮಾಏನೊ ರ್‍ಯೋತಾಕು ಮತ್ತು ಅವರ ಸಂಗಡಿಗರು ಅಂಗರಚನಾಶಾಸ್ತ್ರದ ಡಚ್ ಗ್ರಂಥವೊಂದನ್ನು ಅನುವಾದಿಸಿ 1774ರಲ್ಲಿ ಪ್ರಕಟಿಸಿದ್ದು ಈ ಪರಂಪರೆಯ ಮೊದಲ ದೊಡ್ಡ ಮೈಲಿಗಲ್ಲು.

ಆದರೆ ಇದು ನಿರಾತಂಕವಾದ ದಾರಿಯಾಗಿರಲಿಲ್ಲ. ನಾಗಸಾಕಿಯಲ್ಲಿ ಜಪಾನೀ ವೈದ್ಯರಿಗೆ ಪಾಠ ಹೇಳಿದ್ದ ಜರ್ಮನ್ ವೈದ್ಯ ಸೀಬೋಲ್ಡ್, ನಿಷೇಧಿತ ನಕ್ಷೆಗಳನ್ನು ಪಡೆದ ಆರೋಪದ ಮೇಲೆ 1829ರಲ್ಲಿ ದೇಶಭ್ರಷ್ಟರಾದರು. ಸರ್ಕಾರದ ನೀತಿಯನ್ನು ಟೀಕಿಸಿದ ಕೆಲವು ಡಚ್ ವಿದ್ಯಾ ಪಂಡಿತರನ್ನು 1839ರಲ್ಲಿ ಬಂಧಿಸಲಾಯಿತು. ಚೀನೀ ಮೂಲದ ಸಾಂಪ್ರದಾಯಿಕ ವೈದ್ಯಪದ್ಧತಿಯ ಪ್ರಭಾವ ಬಲವಾಗಿದ್ದ ಶೋಗನ್ ಸರ್ಕಾರವು 1849ರಲ್ಲಿ, ಶಸ್ತ್ರಚಿಕಿತ್ಸೆ ಮತ್ತು ಕಣ್ಣಿನ ಚಿಕಿತ್ಸೆಗಳನ್ನು ಬಿಟ್ಟು ಉಳಿದಂತೆ ತನ್ನ ವೈದ್ಯರು ಡಚ್ ಪದ್ಧತಿಯನ್ನು ಅನುಸರಿಸಬಾರದೆಂದು ಆಜ್ಞೆ ಹೊರಡಿಸಿತು. ಆ ನಿರ್ಬಂಧ ತೆರವಾದದ್ದು 1858ರಲ್ಲಿ. ಕೋಆನ್ ಅವರ ಕಾರ್ಯಕಾಲದ ಬಹುಭಾಗ ಕಳೆದದ್ದು ಇಂತಹ ಅನಿಶ್ಚಿತ ವಾತಾವರಣದಲ್ಲಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಇಂದಿನ ಒಕಾಯಾಮಾ ನಗರಕ್ಕೆ ಸೇರಿದ ಆಶಿಮೊರಿ ಎಂಬ ಸಣ್ಣ ಸಂಸ್ಥಾನದಲ್ಲಿ, ಕೆಳದರ್ಜೆಯ ಸಾಮುರಾಯ್ ಕುಟುಂಬದ ಮೂರನೆಯ ಮಗನಾಗಿ ಕೋಆನ್ ಜನಿಸಿದರು. ತಂದೆ ಸಾಎಕಿ ಕೊರೆಯೊರಿ. ಹುಟ್ಟಿನಿಂದ ದುರ್ಬಲ ಮೈಕಟ್ಟಿನವರಾಗಿದ್ದ ಅವರಿಗೆ ಬಾಲ್ಯದಲ್ಲಿಯೇ ಸಿಡುಬು ತಗುಲಿತ್ತು. 1822ರಲ್ಲಿ ಜಪಾನಿಗೆ ಮೊದಲ ಬಾರಿ ಕಾಲರಾ ಕಾಲಿಟ್ಟು ದೇಶದ ಪಶ್ಚಿಮ ಭಾಗವನ್ನು ತಲ್ಲಣಗೊಳಿಸಿದಾಗ ಅವರಿನ್ನೂ ಬಾಲಕ. ತಂದೆಯು ಸಂಸ್ಥಾನದ ಉಗ್ರಾಣದ ಉಸ್ತುವಾರಿಗೆಂದು ಒಸಾಕಾಕ್ಕೆ ನಿಯೋಜಿತರಾದಾಗ, 1825ರಲ್ಲಿ ಮಗನೂ ಜೊತೆಗೆ ಹೊರಟರು. ಕತ್ತಿ ಹಿಡಿಯುವ ವೃತ್ತಿಗೆ ತಮ್ಮ ದೇಹ ಒಗ್ಗದೆಂದೂ, ವೈದ್ಯವಿದ್ಯೆಯನ್ನು ಕಲಿಯಲು ಅಪ್ಪಣೆ ಬೇಕೆಂದೂ ಅವರು ತಂದೆಗೆ ಪತ್ರ ಬರೆದಿಟ್ಟು ಹೊರಟರು.

1826ರಲ್ಲಿ ಅವರು ಒಸಾಕಾದ ನಾಕಾ ತೆನ್‌ಯೂ ಎಂಬ ವಿದ್ವಾಂಸರ ಬಳಿ ಶಿಷ್ಯರಾಗಿ ಸೇರಿ ಸುಮಾರು ನಾಲ್ಕು ವರ್ಷ ಕಲಿತರು. ಅನಂತರ ಎಡೊ ನಗರಕ್ಕೆ, ಎಂದರೆ ಇಂದಿನ ಟೋಕಿಯೊಗೆ ತೆರಳಿ, ಡಚ್ ವಿದ್ಯೆಯಲ್ಲಿ ಹೆಸರಾಂತ ವೈದ್ಯ ತ್ಸುಬೊಯ್ ಶಿಂದೋ ಅವರ ಮನೆಯಲ್ಲಿದ್ದು ಅಭ್ಯಾಸ ಮುಂದುವರಿಸಿದರು. ಕೈಯಲ್ಲಿ ಹಣವಿರಲಿಲ್ಲ. ಬಾಗಿಲು ಕಾಯುವುದು, ಅಂಗಮರ್ದನ ಮಾಡುವುದು ಮುಂತಾದ ಕೆಲಸಗಳಿಂದ ಅವರು ಖರ್ಚನ್ನು ತೂಗಿಸಿದರು. 1836ರಲ್ಲಿ ನಾಗಸಾಕಿಗೆ ಹೋಗಿ ಸುಮಾರು ಎರಡು ವರ್ಷ ಕಲಿತು, 1838ರಲ್ಲಿ ಒಸಾಕಾಕ್ಕೆ ಮರಳಿ ವೈದ್ಯವೃತ್ತಿಯನ್ನೂ ಪಾಠಶಾಲೆಯನ್ನೂ ಒಟ್ಟಿಗೆ ಆರಂಭಿಸಿದರು. ಅದೇ ವರ್ಷ ಯಾಎ ಎಂಬಾಕೆಯೊಡನೆ ಅವರ ವಿವಾಹವಾಯಿತು. ದಂಪತಿಗೆ 13 ಮಕ್ಕಳು ಜನಿಸಿದರು. ಮಕ್ಕಳೊಡನೆ ಹತ್ತಾರು ವಿದ್ಯಾರ್ಥಿಗಳ ಯೋಗಕ್ಷೇಮವನ್ನೂ ನೋಡಿಕೊಂಡ ಯಾಎ ಅವರನ್ನು ಶಿಷ್ಯರು ತಾಯಿಯಂತೆ ಗೌರವಿಸಿದರು.

ತೆಕಿಜುಕು: ಒಂದು ಚಾಪೆ, ಒಂದು ನಿಘಂಟು

‘ತೆಕಿತೆಕಿಸಾಯ್’ ಎಂಬುದು ಕೋಆನ್ ಅವರ ಅಂಕಿತನಾಮ. ತನಗೆ ಒಪ್ಪುವುದರಲ್ಲಿ ಆನಂದ ಕಾಣುವುದು ಎಂಬ ಅರ್ಥದ ಈ ಹೆಸರಿನಿಂದಲೇ ಶಾಲೆಗೆ ತೆಕಿಜುಕು ಎಂಬ ಹೆಸರು ಬಂತು. ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದಂತೆ ಮೊದಲಿನ ಮನೆ ಸಾಲದಾಗಿ, 1845ರಲ್ಲಿ ಶಾಲೆಯು ಇಂದಿನ ಕಿತಾಹಾಮಾ ಪ್ರದೇಶದ ವಿಶಾಲವಾದ ಮನೆಗೆ ಸ್ಥಳಾಂತರಗೊಂಡಿತು. 1844ರಿಂದ ಇಟ್ಟ ದಾಖಲಾತಿ ಪುಸ್ತಕದಲ್ಲಿ 636 ಹೆಸರುಗಳಿವೆ. ಅದಕ್ಕೂ ಮೊದಲು ಸೇರಿದವರನ್ನೂ ಹೆಸರು ಬರೆಸದೆ ಬಂದುಹೋದವರನ್ನೂ ಸೇರಿಸಿದರೆ ಒಟ್ಟು ಸಂಖ್ಯೆ ಸಾವಿರದ ಆಸುಪಾಸಿನಲ್ಲಿರಬಹುದೆಂಬ ಅಂದಾಜಿದೆ. ಅವರು ಜಪಾನಿನ ಬಹುತೇಕ ಎಲ್ಲ ಪ್ರಾಂತಗಳಿಂದ ಬಂದವರಾಗಿದ್ದರು.

ಶಾಲೆಯ ಜೀವನಕ್ರಮ ಹೇಗಿತ್ತೆಂಬುದು ಅಲ್ಲಿ ಕಲಿತ ಫುಕುಜಾವಾ ಯುಕಿಚಿ ಅವರ ಆತ್ಮಕಥೆಯಿಂದ ಸವಿವರವಾಗಿ ತಿಳಿದುಬರುತ್ತದೆ. ಮಹಡಿಯ ಮೇಲಿನ ದೊಡ್ಡ ಕೋಣೆಯಲ್ಲಿ ಪ್ರತಿಯೊಬ್ಬನಿಗೂ ದೊರೆಯುತ್ತಿದ್ದುದು ಒಂದು ಚಾಪೆಯಷ್ಟು ಜಾಗ. ಮಲಗುವುದು, ಓದುವುದು, ಸಾಮಾನು ಇಡುವುದು ಎಲ್ಲವೂ ಅಲ್ಲಿಯೇ. ಹೊಸದಾಗಿ ಸೇರಿದವರು ಮೊದಲು ಡಚ್ ವ್ಯಾಕರಣ ಮತ್ತು ವಾಕ್ಯರಚನೆಯ ಎರಡು ಪುಸ್ತಕಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ಕಲಿಯಬೇಕಿತ್ತು. ಅದಾದ ಬಳಿಕ ಪ್ರತಿಯೊಬ್ಬನೂ ಮೂಲಗ್ರಂಥದ ಭಾಗವನ್ನು ಸ್ವಂತ ಕೈಯಿಂದ ನಕಲು ಮಾಡಿಕೊಂಡು, ಯಾರ ಸಹಾಯವನ್ನೂ ಕೇಳದೆ ಅರ್ಥೈಸಬೇಕಿತ್ತು. ತಿಂಗಳಿಗೆ ಸುಮಾರು ಆರು ಬಾರಿ ನಡೆಯುತ್ತಿದ್ದ ವಾಚನ ಪರೀಕ್ಷೆಯಲ್ಲಿ ಚೀಟಿಯೆತ್ತಿ ಸರದಿ ನಿಗದಿಪಡಿಸಲಾಗುತ್ತಿತ್ತು. ತನ್ನ ಪಾಲಿನ ಭಾಗವನ್ನು ಸರಿಯಾಗಿ ವಿವರಿಸಿದವನಿಗೆ ಅಂಕ, ತಪ್ಪಿದವನ ಸರದಿ ಮುಂದಿನವನಿಗೆ. ಸತತವಾಗಿ ಮೇಲಿನ ಸ್ಥಾನ ಪಡೆದವರು ಮುಂದಿನ ತರಗತಿಗೆ ಏರುತ್ತಿದ್ದರು. ಕೋಣೆಯಲ್ಲಿ ಬೆಳಕು ಬರುವ ಒಳ್ಳೆಯ ಜಾಗವೂ ಅಂಕಗಳಿಗೆ ಅನುಗುಣವಾಗಿ ಹಂಚಿಕೆಯಾಗುತ್ತಿತ್ತು. ತಂದೆಯ ಅಂತಸ್ತು ಏನೆಂಬುದರ ಮೇಲೆ ಎಲ್ಲವೂ ನಿರ್ಧಾರವಾಗುತ್ತಿದ್ದ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಷ್ಟೊಂದು ವಿದ್ಯಾರ್ಥಿಗಳ ನಡುವೆ ಇದ್ದ ದೊಡ್ಡ ಡಚ್–ಜಪಾನೀ ನಿಘಂಟು ಒಂದೇ ಒಂದು. ದೆಜಿಮಾದ ಡಚ್ ಅಧಿಕಾರಿ ಹೆಂಡ್ರಿಕ್ ದೂಫ್ ನಾಗಸಾಕಿಯ ದುಭಾಷಿಗಳ ನೆರವಿನಿಂದ ಸಿದ್ಧಪಡಿಸಿದ ಆ ನಿಘಂಟು ಸುಮಾರು 3,000 ಹಾಳೆಗಳ ಹಸ್ತಪ್ರತಿಯ ರೂಪದಲ್ಲಿತ್ತು. ಅದನ್ನಿಟ್ಟಿದ್ದ ಸಣ್ಣ ಕೋಣೆಯಿಂದ ಹೊರಗೆ ಒಯ್ಯುವಂತಿರಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಅಲ್ಲಿ ದೀಪ ಆರುತ್ತಲೇ ಇರಲಿಲ್ಲ. ನಿಘಂಟಿನ ಪ್ರತಿ ಬಯಸಿದ ಸಂಸ್ಥಾನಾಧಿಪತಿಗಳಿಗೆ ಅದನ್ನು ನಕಲು ಮಾಡಿಕೊಟ್ಟು ಸಂಪಾದಿಸಿದ ಹಣವೇ ಅನೇಕ ಬಡ ವಿದ್ಯಾರ್ಥಿಗಳಿಗೆ ಊಟದ ದಾರಿಯಾಗಿತ್ತು.

ಪುಸ್ತಕಗಳ ಅಭಾವ ಎಷ್ಟಿತ್ತೆಂಬುದಕ್ಕೆ ಫುಕುಜಾವಾ ಹೇಳುವ ಒಂದು ಪ್ರಸಂಗ ಸಾಕು. ಫುಕುವೊಕಾದ ಸಂಸ್ಥಾನಾಧಿಪತಿಯು 80 ರ್‍ಯೋ ಎಂಬ ಭಾರಿ ಬೆಲೆ ತೆತ್ತು ಕೊಂಡಿದ್ದ ಡಚ್ ಭೌತಶಾಸ್ತ್ರ ಗ್ರಂಥವನ್ನು, ಅವರು ಒಸಾಕಾದಲ್ಲಿ ತಂಗಿದ್ದಾಗ ಕೋಆನ್ ಎರವಲು ತಂದರು. ಅದರಲ್ಲಿ ಫ್ಯಾರಡೆಯ ಸಂಶೋಧನೆಗಳನ್ನು ಆಧರಿಸಿದ ವಿದ್ಯುತ್ತಿನ ಅಧ್ಯಾಯವಿತ್ತು. ಗ್ರಂಥ ಕೈಯಲ್ಲಿರುವುದು ಎರಡೇ ರಾತ್ರಿ. ಒಬ್ಬ ಓದುವುದು, ಇನ್ನೊಬ್ಬ ಬರೆಯುವುದು, ದಣಿದವನ ಜಾಗದಲ್ಲಿ ಮತ್ತೊಬ್ಬ ಕೂರುವುದು – ಹೀಗೆ ಹಗಲಿರುಳೆನ್ನದೆ ದುಡಿದು ವಿದ್ಯಾರ್ಥಿಗಳು ಚಿತ್ರಸಹಿತವಾಗಿ ಸುಮಾರು 150 ಪುಟಗಳನ್ನು ನಕಲು ಮಾಡಿ ಮುಗಿಸಿದರು.

ಗುರುವಿನ ವಾತ್ಸಲ್ಯ

ಕೋಆನ್ ಪಾಠದಲ್ಲಿ ಕಟ್ಟುನಿಟ್ಟು, ನಡವಳಿಕೆಯಲ್ಲಿ ಸೌಮ್ಯರು. 1856ರಲ್ಲಿ ಫುಕುಜಾವಾ ವಿಷಮಶೀತ ಜ್ವರದಿಂದ ಹಾಸಿಗೆ ಹಿಡಿದಾಗ, ಗುರು ಪ್ರತಿದಿನವೂ ಬಂದು ನೋಡಿದರು. ಆದರೆ ಔಷಧ ಬರೆಯುವ ಹೊಣೆಯನ್ನು ಮಾತ್ರ ಪರಿಚಿತ ವೈದ್ಯರೊಬ್ಬರಿಗೆ ವಹಿಸಿದರು. ಸ್ವಂತ ಮಗನಿಗೆ ಕಾಯಿಲೆಯಾದಂತೆ ಮನಸ್ಸು ಅಳುಕುವುದರಿಂದ ತಮ್ಮ ನಿರ್ಧಾರ ಸ್ಥಿರವಾಗಿರಲಾರದು ಎಂಬುದು ಅವರು ಕೊಟ್ಟ ಕಾರಣ. ಅದೇ ವರ್ಷ ಅಣ್ಣ ತೀರಿಕೊಂಡು ಮನೆ ಸಾಲದಲ್ಲಿ ಮುಳುಗಿದಾಗ ಫುಕುಜಾವಾ ಅವರಿಗೆ ಓದು ಮುಂದುವರಿಸುವ ಶಕ್ತಿಯಿರಲಿಲ್ಲ. ಉಚಿತವಾಗಿ ಇರಿಸಿಕೊಂಡರೆ ಇತರರ ಕಣ್ಣಿಗೆ ಬೀಳುತ್ತದೆಂದು, ಕೋಟೆ ಕಟ್ಟುವ ವಿದ್ಯೆಯ ಡಚ್ ಪುಸ್ತಕವೊಂದನ್ನು ಅನುವಾದಿಸುವ ಕೆಲಸ ಕೊಟ್ಟಂತೆ ಮಾಡಿ ಕೋಆನ್ ಅವರನ್ನು ಮನೆಯಲ್ಲೇ ಉಳಿಸಿಕೊಂಡರು.

ಸಿಡುಬಿನ ವಿರುದ್ಧ ಹೋರಾಟ

ಎಡ್ವರ್ಡ್ ಜೆನ್ನರ್ 1798ರಲ್ಲಿ ಪ್ರಕಟಿಸಿದ ಗೋಸಿಡುಬಿನ ಲಸಿಕೆ – ನಮ್ಮ ಹಿರಿಯರು ‘ದಾಕು ಹಾಕಿಸುವುದು’ ಎನ್ನುತ್ತಿದ್ದ ಕ್ರಮ – ಜಪಾನನ್ನು ಯಶಸ್ವಿಯಾಗಿ ತಲುಪಲು ಅರ್ಧ ಶತಮಾನವೇ ಹಿಡಿಯಿತು. ಬಟೇವಿಯಾದಿಂದ, ಎಂದರೆ ಇಂದಿನ ಜಕಾರ್ತಾದಿಂದ, ಹಡಗಿನಲ್ಲಿ ತರುವಷ್ಟರಲ್ಲಿ ಗುಳ್ಳೆಯ ರಸವು ಸತ್ವ ಕಳೆದುಕೊಳ್ಳುತ್ತಿತ್ತು. 1849ರ ಬೇಸಿಗೆಯಲ್ಲಿ ರಸದ ಬದಲು ಒಣಗಿದ ಹಕ್ಕಳೆಯನ್ನು ತರಿಸಿದಾಗ ನಾಗಸಾಕಿಯಲ್ಲಿ ಲಸಿಕೆ ಮೊದಲ ಬಾರಿ ಫಲಿಸಿತು. ಅಲ್ಲಿಂದ ಕ್ಯೋಟೊ ನಗರಕ್ಕೆ ಬಂದ ಲಸಿಕೆಯನ್ನು, ಫುಕುಇ ಸಂಸ್ಥಾನದ ವೈದ್ಯ ಕಾಸಾಹಾರಾ ಹಾಕುವೊ ಮತ್ತು ಕ್ಯೋಟೊದ ವೈದ್ಯ ಹಿನೊ ತೆಯ್‌ಸಾಯ್ ಅವರ ನೆರವಿನಿಂದ ಕೋಆನ್ ಒಸಾಕಾಕ್ಕೆ ತಂದರು. ಅದೇ ವರ್ಷದ ಕೊನೆಯಲ್ಲಿ ‘ಜೊತೋಕಾನ್’, ಎಂದರೆ ಸಿಡುಬು ನಿವಾರಣಾ ಗೃಹ, ಒಸಾಕಾದಲ್ಲಿ ತೆರೆಯಿತು.

ಶೈತ್ಯಾಗಾರಗಳಿಲ್ಲದ ಆ ಕಾಲದಲ್ಲಿ ಲಸಿಕೆಯನ್ನು ಜೀವಂತವಾಗಿಡಲು ಮಕ್ಕಳ ತೋಳುಗಳೇ ಆಧಾರ. ಒಂದು ಮಗುವಿಗೆ ಹಾಕಿದ ಏಳು ದಿನಗಳ ಬಳಿಕ ಮೂಡಿದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿಗೆ ಹಾಕಬೇಕು; ಏಳು ದಿನಗಳ ನಂತರ ಮತ್ತೊಂದಕ್ಕೆ. ಒಂದು ವಾರ ಮಗು ದೊರೆಯದಿದ್ದರೆ ಸರಪಳಿ ತುಂಡಾಗಿ, ಇಡೀ ಪಟ್ಟಣದ ರಕ್ಷಣೆಯೇ ಕೈತಪ್ಪುತ್ತಿತ್ತು. ಹಸುವಿನ ಕಾಯಿಲೆಯನ್ನು ಮಕ್ಕಳ ಮೈಗೆ ಸೇರಿಸುವುದೆಂದರೆ ಕೇಡೆಂಬ ವದಂತಿ ಹಬ್ಬಿ, ಆರಂಭದಲ್ಲಿ ತಂದೆತಾಯಂದಿರು ಹತ್ತಿರ ಸುಳಿಯಲಿಲ್ಲ. ಕೋಆನ್ ಮತ್ತು ಸಂಗಡಿಗರು ಬಡವರ ಮನೆಗಳಿಗೆ ತಾವೇ ಹೋಗಿ, ಅಕ್ಕಿ ಮತ್ತು ಹಣ ಕೊಟ್ಟು ಮಕ್ಕಳನ್ನು ಕರೆತಂದು ಸರಪಳಿಯನ್ನು ಉಳಿಸಿಕೊಂಡರು. ಬಡತನದ ಕಾರಣದಿಂದ ಒಪ್ಪಿಕೊಂಡ ಆ ಮಕ್ಕಳ ಹೆಸರುಗಳು ಇತಿಹಾಸದಲ್ಲಿ ಉಳಿದಿಲ್ಲ. ನಗರದ ಉಳಿದ ಮಕ್ಕಳಿಗೆ ದೊರೆತ ರಕ್ಷಣೆ ಅವರ ತೋಳುಗಳನ್ನು ದಾಟಿಯೇ ಬಂದದ್ದು.

ಇದರಿಂದ ಬರುವ ಆದಾಯವನ್ನು ಯಾರೂ ಸ್ವಂತಕ್ಕೆ ಬಳಸದೆ ಲಸಿಕೆಯ ಪ್ರಸಾರಕ್ಕೇ ವಿನಿಯೋಗಿಸಬೇಕೆಂಬುದು ಸಂಸ್ಥೆಯ ನಿಯಮವಾಗಿತ್ತು. ಒಸಾಕಾದಿಂದ ಲಸಿಕೆಯನ್ನು ಪಶ್ಚಿಮ ಜಪಾನಿನ ಅನೇಕ ಊರುಗಳಿಗೆ ಹಂಚಲಾಯಿತು. ಸರಿಯಾಗಿ ಕಲಿಯದವರೂ ಲಸಿಕೆ ಹಾಕತೊಡಗಿದಾಗ ಜನರ ನಂಬಿಕೆ ಕೆಡುವ ಅಪಾಯ ಎದುರಾಯಿತು. ಹೀಗಾಗಿ ಕೋಆನ್ ಸರ್ಕಾರದ ಮಾನ್ಯತೆಗಾಗಿ ಪ್ರಯತ್ನಿಸಿದರು; 1858ರಲ್ಲಿ ಅದು ದೊರೆಯಿತು.

ಗ್ರಂಥಗಳು ಮತ್ತು ವೈದ್ಯಧರ್ಮ

1849ರಲ್ಲಿಯೇ ಪ್ರಕಟವಾದ ಕೋಆನ್ ಅವರ ‘ಬ್ಯೋಗಾಕು ತ್ಸೂರೊನ್’ ಜಪಾನಿನ ಮೊದಲ ರೋಗಶಾಸ್ತ್ರ ಗ್ರಂಥವೆಂದು ಪರಿಗಣಿತವಾಗಿದೆ. ಬರ್ಲಿನ್ನಿನ ವೈದ್ಯ ಹ್ಯೂಫೆಲಾಂಡ್ ತಮ್ಮ ದೀರ್ಘ ಅನುಭವವನ್ನು ಕ್ರೋಡೀಕರಿಸಿ ಬರೆದ ಚಿಕಿತ್ಸಾ ಗ್ರಂಥವನ್ನು ಅವರು ಡಚ್ ಭಾಷಾಂತರದ ಮೂಲಕ ಜಪಾನೀ ಭಾಷೆಗೆ ತಂದರು. ವರ್ಷಗಳ ಪರಿಶ್ರಮದ ಈ ಕೃತಿಯು 1857ರಿಂದ 1861ರವರೆಗೆ 30 ಸಂಪುಟಗಳಲ್ಲಿ ಪ್ರಕಟವಾಯಿತು. ಅನುವಾದವು ಮೂಲವನ್ನು ಓದಲಾರದವರಿಗಾಗಿ ಇರುವುದು. ಅರ್ಥಕ್ಕಾಗಿ ಮತ್ತೆ ಮೂಲವನ್ನೇ ನೋಡಬೇಕಾದಂತಹ ಅನುವಾದದಿಂದ ಪ್ರಯೋಜನವಿಲ್ಲ ಎಂಬುದು ಅವರ ನಿಲುವಾಗಿತ್ತು. ಪದಕ್ಕೆ ಪದವಿಡದೆ ಆಶಯವನ್ನು ಸರಳವಾಗಿ ತಿಳಿಸುವ ಈ ಕ್ರಮವು ಮುಂದೆ ಫುಕುಜಾವಾ ಅವರ ಬರವಣಿಗೆಗೂ ಮಾದರಿಯಾಯಿತು.

ಅದೇ ಗ್ರಂಥದ ಕೊನೆಯಲ್ಲಿದ್ದ ವೈದ್ಯಧರ್ಮದ ಭಾಗವನ್ನು ಕೋಆನ್ 1857ರಲ್ಲಿ ಹನ್ನೆರಡು ನಿಯಮಗಳಾಗಿ ಸಂಗ್ರಹಿಸಿದರು. ವೈದ್ಯನು ಬದುಕುವುದು ಪರರಿಗಾಗಿ. ಕೀರ್ತಿ, ಲಾಭ ಮತ್ತು ವಿಶ್ರಾಂತಿಯನ್ನು ಅವನು ಬಯಸಬಾರದು. ರೋಗಿಯ ಮುಂದೆ ನಿಂತಾಗ ಕಾಣಬೇಕಾದದ್ದು ರೋಗಿಯನ್ನೇ ಹೊರತು ಅವನ ಅಂತಸ್ತನ್ನಲ್ಲ. ಗುಣವಾಗದ ಕಾಯಿಲೆಯಲ್ಲಿಯೂ ರೋಗಿಗೆ ನೆಮ್ಮದಿ ಕೊಡುವುದು ಕರ್ತವ್ಯ. ಬಡವರಿಗೆ ಚಿಕಿತ್ಸೆಯ ವೆಚ್ಚ ಹೊರೆಯಾಗಬಾರದು – ಇವು ಅದರ ಮುಖ್ಯ ಆಶಯಗಳು.

1858ರಲ್ಲಿ ಕಾಲರಾ ಪುನಃ ನಾಗಸಾಕಿಯಿಂದ ದೇಶಾದ್ಯಂತ ಹರಡಿತು. ಚಿಕಿತ್ಸೆಯ ಕ್ರಮ ತಿಳಿಯದೆ ವೈದ್ಯರು ಕಂಗೆಟ್ಟಿದ್ದರು. ರೋಗಿಗಳನ್ನು ನೋಡುತ್ತಲೇ ಕೋಆನ್ ಮೂರು ಪಾಶ್ಚಾತ್ಯ ಗ್ರಂಥಗಳಿಂದ ಸಾರ ತೆಗೆದು, ಕೆಲವೇ ದಿನಗಳಲ್ಲಿ ‘ಕೊರೊರಿ ಚಿಜುನ್’ ಎಂಬ ಕೈಪಿಡಿಯನ್ನು ಸಿದ್ಧಪಡಿಸಿ, 100 ಪ್ರತಿಗಳನ್ನು ಮುದ್ರಿಸಿ ವೈದ್ಯರಿಗೆ ಹಂಚಿದರು. ಕಾಲರಾಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕೋಖ್ ಗುರುತಿಸಲು ಇನ್ನೂ ಕಾಲು ಶತಮಾನ ಬಾಕಿಯಿತ್ತು. ಅಂದಿನ ಚಿಕಿತ್ಸೆಗಳ ಪರಿಣಾಮ ಸೀಮಿತವಾಗಿತ್ತು. ಆದರೂ ತಿಳಿದಷ್ಟನ್ನು ತಡಮಾಡದೆ ಎಲ್ಲರಿಗೂ ತಲುಪಿಸುವುದು ವೈದ್ಯನ ಹೊಣೆಯೆಂದು ಅವರು ಭಾವಿಸಿದ್ದರು.

ಕೊನೆಯ ದಿನಗಳು

ಶೋಗನ್ ಸರ್ಕಾರವು 1862ರಲ್ಲಿ ಕೋಆನ್ ಅವರನ್ನು ಶೋಗನ್ನರ ಖಾಸಾ ವೈದ್ಯರನ್ನಾಗಿಯೂ, ಎಡೊದ ಪಾಶ್ಚಾತ್ಯ ವೈದ್ಯಸಂಸ್ಥೆಯ ಮುಖ್ಯಸ್ಥರನ್ನಾಗಿಯೂ ನೇಮಿಸಿತು. ಈ ಸಂಸ್ಥೆಯು ಎಡೊದ ವೈದ್ಯರು 1858ರಲ್ಲಿ ಸ್ವಂತ ಹಣದಿಂದ ಸ್ಥಾಪಿಸಿದ ಲಸಿಕಾ ಕೇಂದ್ರದಿಂದ ಬೆಳೆದದ್ದು; ಮುಂದೆ ಟೋಕಿಯೊ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಮೂಲವಾದದ್ದೂ ಅದೇ. ಆರೋಗ್ಯ ಸರಿಯಿಲ್ಲದ ಕೋಆನ್ ಅವರಿಗೆ ಒಸಾಕಾ ಬಿಡುವ ಮನಸ್ಸಿರಲಿಲ್ಲ. ಆದರೂ ಕರೆಗೆ ಓಗೊಟ್ಟು ಹೊರಟರು. ಎಡೊಗೆ ಬಂದು ಒಂದು ವರ್ಷ ತುಂಬುವ ಮೊದಲೇ, 1863ರ ಜುಲೈ 25ರಂದು, ಇದ್ದಕ್ಕಿದ್ದಂತೆ ರಕ್ತ ಕಾರಿ ಅವರು ನಿಧನರಾದರು. ಆಗ ಅವರಿಗೆ 53 ವರ್ಷಗಳೂ ತುಂಬಿರಲಿಲ್ಲ.

ಶಿಷ್ಯ ಪರಂಪರೆ

ತೆಕಿಜುಕು ವೈದ್ಯಶಾಲೆಯಾಗಿದ್ದರೂ ಅಲ್ಲಿಂದ ಹೊರಟವರು ನಾನಾ ಕ್ಷೇತ್ರಗಳಲ್ಲಿ ಹೆಸರಾದರು. ಫುಕುಜಾವಾ ಯುಕಿಚಿ 1858ರಲ್ಲಿ ಎಡೊದಲ್ಲಿ ಆರಂಭಿಸಿದ ಶಾಲೆಯೇ ಇಂದಿನ ಕೇಯೊ ವಿಶ್ವವಿದ್ಯಾಲಯ. ನಾಗಾಯೊ ಸೆನ್‌ಸಾಯ್ ಆಧುನಿಕ ಜಪಾನಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಅಡಿಪಾಯ ಹಾಕಿದರು. ಸಾನೊ ತ್ಸುನೆತಾಮಿ 1877ರಲ್ಲಿ ಸ್ಥಾಪಿಸಿದ ಪರೋಪಕಾರಿ ಸಂಘವು ಮುಂದೆ ಜಪಾನಿನ ರೆಡ್‌ಕ್ರಾಸ್ ಸಂಸ್ಥೆಯಾಯಿತು. ತಾಕಾಮಾತ್ಸು ರ್‍ಯೋಉನ್ ಅಂತರ್ಯುದ್ಧದ ಸಮಯದಲ್ಲಿ ಹಾಕೊದಾತೆಯಲ್ಲಿ ಉಭಯ ಪಕ್ಷಗಳ ಗಾಯಾಳುಗಳಿಗೂ ಭೇದವಿಲ್ಲದೆ ಚಿಕಿತ್ಸೆ ನೀಡಿದರು. ಹಾಶಿಮೊತೊ ಸಾನಾಇ ರಾಜಕೀಯ ಸುಧಾರಣೆಗೆ ಯತ್ನಿಸಿ 1859ರಲ್ಲಿ ಮರಣದಂಡನೆಗೆ ಗುರಿಯಾದರು.

ಆಧುನಿಕ ಜಪಾನೀ ಸೈನ್ಯದ ನಿರ್ಮಾಪಕರೆನಿಸಿದ ಓಮುರಾ ಮಾಸುಜಿರೊ 1869ರಲ್ಲಿ ಹಂತಕರ ದಾಳಿಗೆ ಸಿಕ್ಕಿ ಒಸಾಕಾದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿದ ಅವರ ಕಾಲನ್ನು, ಅವರ ಇಚ್ಛೆಯಂತೆ, ಗುರುವಿನ ಸಮಾಧಿಯಿರುವ ಒಸಾಕಾದ ರ್‍ಯೂಕಾಯ್‌ಜಿ ದೇವಾಲಯದ ಆವರಣದಲ್ಲಿ ಹೂಳಲಾಯಿತು. ಅದರ ಸ್ಮಾರಕಶಿಲೆಯನ್ನು ಇಂದಿಗೂ ಅಲ್ಲಿ ಕಾಣಬಹುದು.

ಕಿತಾಹಾಮಾದ ಶಾಲೆಯ ಕಟ್ಟಡ ಈಗಲೂ ಉಳಿದಿದೆ. ಅದನ್ನು 1942ರಲ್ಲಿ ಒಸಾಕಾ ವಿಶ್ವವಿದ್ಯಾಲಯಕ್ಕೆ ವಹಿಸಲಾಯಿತು. ಆ ವಿಶ್ವವಿದ್ಯಾಲಯವು ತೆಕಿಜುಕುವನ್ನೇ ತನ್ನ ಮೂಲವೆಂದು ಗೌರವಿಸುತ್ತದೆ. 1964ರಲ್ಲಿ ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿತವಾದ ಈ ಮನೆ, ಜೀರ್ಣೋದ್ಧಾರದ ಬಳಿಕ 1980ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಮಹಡಿಯ ಕೋಣೆಯ ನಡುಗಂಬದ ಮೇಲೆ ವಿದ್ಯಾರ್ಥಿಗಳ ಕತ್ತಿಯ ಗುರುತುಗಳಿವೆ. ನಿಘಂಟನ್ನಿಟ್ಟಿದ್ದ ಪುಟ್ಟ ಕೋಣೆಯೂ ಹಾಗೆಯೇ ಇದೆ. ಸಿಡುಬು ಭೂಮಿಯಿಂದ ನಿರ್ಮೂಲವಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದೂ ಅದೇ 1980ರಲ್ಲಿ.